ಅವರದೇ ಹಾಡಿಗೆ ಇಪ್ಪತ್ತು ರೂಪಾಯಿ

ಮೊನ್ನೆ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಪ್ಲಸ್ ಟು ಓದುತ್ತಿದ್ದಾನೆ. ನನ್ನ ಫೋನ್ ಹಿಡಿದು ಏನೋ ಒತ್ತುತ್ತಾ ಕೂತಿದ್ದವನು ತಲೆ ಎತ್ತಿ, "ಮಾವ, ನೀವು ಹಾಡು ಕೇಳ್ಲಿಕ್ಕೆ ತಿಂಗಳು ತಿಂಗಳು ದುಡ್ಡು ಕಟ್ತೀರಾ?" ಅಂತ ಕೇಳಿದ. ಹೌದು ಮಾರಾಯ ಅಂದೆ. ಅವನಿಗೆ ನನ್ನ ಮೇಲೆ ನಿಜಕ್ಕೂ ಕನಿಕರ ಬಂದಿರಬೇಕು. "ಟೆಲಿಗ್ರಾಂನಲ್ಲಿ ಇದರದ್ದೇ ಮಾಡ್ ಆ್ಯಪ್ ಉಂಟು, ಅಂದರೆ ಯಾರೋ ತಿದ್ದಿ ಬಿಟ್ಟ ಕಾಪಿ. ಜಾಹೀರಾತೂ ಇಲ್ಲ, ದುಡ್ಡೂ ಇಲ್ಲ. ಹಾಕಿ ಕೊಡ್ಲಾ?" ಅಂದ.

ಹಾಕಿ ಕೊಡ್ಲಾ! ನನಗೆ ನಗು ತಡೆಯಲಾಗಲಿಲ್ಲ. ಈ ಎರಡು ಪದವನ್ನು ದಿನಕ್ಕೆ ನಲವತ್ತು ಸಲ ಹೇಳಿ ಸಂಬಳ ತೆಗೆದುಕೊಂಡವನು ನಾನು.

2009ರ ಮಾತು. ಡಿಗ್ರಿ ಮುಗಿದಿತ್ತು, ಕೆಲಸ ಇರಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಸೇರಿದೆ. ರೀಚಾರ್ಜ್ ಮಾಡುವುದು, ಕವರ್ ಮಾರುವುದು ಎಲ್ಲ ಇತ್ತು, ಆದರೆ ಅಂಗಡಿಗೆ ಜನ ಬರುತ್ತಿದ್ದದ್ದು ಮುಖ್ಯವಾಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಲಿಕ್ಕೆ. ಒಂದು ಜಿಬಿಗೆ 20 ರೂಪಾಯಿ, ಎರಡು ಜಿಬಿಗೆ 30. ಒಂದು ಹಾಡಿಗೆ ಹೆಚ್ಚುಕಮ್ಮಿ 5 ಎಂಬಿ, ಅಂದರೆ ಎರಡು ಜಿಬಿ ಕಾರ್ಡಿಗೆ ನಾನೂರು ಹಾಡು. ನಾನೂರು ಹಾಡಿಗೆ ಮೂವತ್ತು ರೂಪಾಯಿ! ಆಗ ಈ ಲೆಕ್ಕ ಹಾಕಲೇ ಇಲ್ಲ, ಈಗ ಬರೆಯುವಾಗ ಹಾಕುತ್ತಿದ್ದೇನೆ.

ಉಗುರಿನಷ್ಟು ಸಣ್ಣ ಕಾರ್ಡನ್ನು ಫೋನಿನಿಂದ ತೆಗೆಯುವುದೇ ಒಂದು ಕಲೆ. ಕೆಲವು ಫೋನಿನಲ್ಲಿ ಬ್ಯಾಟರಿ ತೆಗೆದು, ಅದರ ಅಡಿಯಿಂದ ಉಗುರಿನಲ್ಲಿ ಕೆದಕಿ ಎಬ್ಬಿಸಬೇಕಿತ್ತು. ಕಾರ್ಡ್ ರೀಡರಿಗೆ ಹಾಕಿದ ಕೂಡಲೇ ಮೊದಲು ವೈರಸ್ ನೋಡಬೇಕು, ಯಾಕೆಂದರೆ ಹತ್ತರಲ್ಲಿ ಐದು ಕಾರ್ಡಿನಲ್ಲಿ "ನ್ಯೂ ಫೋಲ್ಡರ್ ಡಾಟ್ ಇಎಕ್ಸ್‌ಇ" ಎಂಬ ಆ ದರಿದ್ರ ವೈರಸ್ ಇದ್ದೇ ಇರುತ್ತಿತ್ತು. ಅದು ಗೊತ್ತಿಲ್ಲದೆ ಒಂದು ಸಲ ಒತ್ತಿ ಇಡೀ ಕಂಪ್ಯೂಟರನ್ನೇ ಮಲಗಿಸಿದ್ದೇನೆ. ಆಮೇಲೆ ಗಿರಾಕಿಯ ಹತ್ತಿರ ಕೇಳುವುದು: ಎಂತದ್ದು ಹಾಕ್ಬೇಕು? ಹಳೆಯದಾ, ಹೊಸದಾ, ಮಿಕ್ಸಾ?

ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ಇಲ್ಲಿ ಯಾವ ಸಭೆಗೆ ಹೋದರೂ ಭಾಷಣದಲ್ಲಿ ಒಂದು ಸಲವಾದರೂ ಹೇಳುತ್ತಾರೆ. ನಾನು ಅದನ್ನು ಫೋಲ್ಡರುಗಳಲ್ಲಿ ನೋಡಿದವನು. ಕನ್ನಡ, ತುಳು, ಮಲಯಾಳ, ಮಾಪ್ಪಿಳ ಪಾಟ್ಟು, ಹಿಂದಿ, ಕೊಂಕಣಿ, ಬ್ಯಾರಿ, ಯಕ್ಷಗಾನ, ಭಕ್ತಿ. ಅಡಿಕೆ ಕೊಯ್ಯುವವರು ಯಕ್ಷಗಾನ ಮತ್ತು ಹಳೆಯ ಕನ್ನಡ ಸಿನಿಮಾ ಹಾಡು ಕೇಳುತ್ತಿದ್ದರು. ಜೀಪಿನ ಡ್ರೈವರುಗಳಿಗೆ ಮಿಕ್ಸೇ ಆಗಬೇಕು, ಯಾಕೆಂದರೆ ಜೀಪಿನಲ್ಲಿ ಎಲ್ಲ ಭಾಷೆಯವರೂ ಕೂರುತ್ತಾರಲ್ಲ. ಗಲ್ಫಿಗೆ ಹೊರಟವರು ದೊಡ್ಡ ಕಾರ್ಡ್ ತಂದು, ಇದ್ದದ್ದೆಲ್ಲ ತುಂಬಿಸು ಅನ್ನುತ್ತಿದ್ದರು.

ಹಾಡು ಎಲ್ಲಿಂದ ಬರುತ್ತಿತ್ತು? ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಒಂದು ಪ್ಲಾನಿನಲ್ಲಿ ಆಗ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಬಹುದಿತ್ತು. ಶೆಟರ್ ಎಳೆಯುವ ಮೊದಲು ಡೌನ್‌ಲೋಡಿಗೆ ಸಾಲು ಹಚ್ಚಿಟ್ಟು ಹೋದರೆ, ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೊಸ ಸಿನಿಮಾದ ಹಾಡು ರೆಡಿ. ಪ್ರತಿ ಹಾಡಿನ ಹೆಸರಿನ ಹಿಂದೆ ಒಂದೊಂದು ವೆಬ್‌ಸೈಟಿನ ಬಾಲ. ಹಾಡಿದವರ ಹೆಸರು ಇರಬೇಕಾದ ಜಾಗದಲ್ಲೂ ಅದೇ ಡಾಟ್ ಕಾಮ್. ಅಷ್ಟು ವರ್ಷ ಕೇಳಿದ ಎಷ್ಟೋ ಹಾಡನ್ನು ಹಾಡಿದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಕೇರಳ ಪೊಲೀಸರ ಆಂಟಿ ಪೈರಸಿ ಸೆಲ್‌ನವರು ಬರ್ತಾರಂತೆ ಅಂತ ಆಗಾಗ ಸುದ್ದಿ ಹಬ್ಬುತ್ತಿತ್ತು. ಆಗ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಕ್ಕದ ಹೋಟೆಲಿನ ಅಕ್ಕಿ ಡಬ್ಬಿಯಲ್ಲಿ ಇಟ್ಟು ಬರುವ ಕೆಲಸ ನನ್ನದು. ಕಾಯ್ದೆಯಲ್ಲಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತ ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಗೊತ್ತಿದ್ದರೆ ಅಕ್ಕಿ ಡಬ್ಬಿಗೆ ಹೋಗುವಾಗ ಅಷ್ಟು ಆರಾಮಾಗಿ ಶಿಳ್ಳೆ ಹಾಕುತ್ತಾ ಹೋಗುತ್ತಿರಲಿಲ್ಲ.

ಇದು ಕಳ್ಳತನ ಅಂತ ಅನಿಸಲಿಲ್ವಾ ಅಂತ ಕೇಳಬಹುದು. ಇಲ್ಲ, ಅನಿಸಲೇ ಇಲ್ಲ. ಅದಕ್ಕೆ ಒಂದು ಕಾರಣ ನಮ್ಮ ಊರು. ನಾನು ಸಣ್ಣವನಿದ್ದಾಗ ಇಲ್ಲಿನ ಅಂಗಡಿಗಳಲ್ಲಿ ಕನ್ನಡ ಕ್ಯಾಸೆಟ್ ಸಿಗುತ್ತಿದ್ದದ್ದು ಬಹಳ ಕಮ್ಮಿ. ಮಲಯಾಳದ್ದು ಬೇಕಾದಷ್ಟು. ಕನ್ನಡದ್ದು, ಯಕ್ಷಗಾನದ್ದು ಬೇಕಾದರೆ ಮಂಗಳೂರಿಗೆ ಹೋಗಬೇಕು, ಮತ್ತು ಬರೀ ಕ್ಯಾಸೆಟಿಗೋಸ್ಕರ ಮಂಗಳೂರಿಗೆ ಹೋಗುವಷ್ಟು ಪುರುಸೊತ್ತು, ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಆಸ್ಪತ್ರೆಗೋ ಮದುವೆ ಜವಳಿಗೋ ಹೋದವರು ಒಂದು ಪ್ರಸಂಗದ ಎರಡೋ ಮೂರೋ ಕ್ಯಾಸೆಟ್ ತಂದರೆ ಅದು ಇಡೀ ಊರಿನದ್ದು. ದೊಡ್ಡಪ್ಪನ ಮನೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇತ್ತು. ಒಂದು ಕಡೆ ಅಸಲು, ಇನ್ನೊಂದು ಕಡೆ ಖಾಲಿ. ಖಾಲಿ ಕ್ಯಾಸೆಟಿಗೂ ದುಡ್ಡು ಕೊಡಬೇಕಲ್ಲ, ಅದಕ್ಕೆ ಯಾರೂ ಕೇಳದ ಹಳೆಯ ಕ್ಯಾಸೆಟಿನ ಮೇಲೇ ತುಂಬಿಸುತ್ತಿದ್ದೆವು. ಕಂಪನಿಯ ಕ್ಯಾಸೆಟಿನ ಬೆನ್ನಿನಲ್ಲಿ, ಮೇಲೆ ರೆಕಾರ್ಡ್ ಮಾಡಬಾರದು ಅಂತ, ಎರಡು ಸಣ್ಣ ಚೌಕ ತೂತು ಇರುತ್ತದೆ. ದೊಡ್ಡಮ್ಮ ಅದಕ್ಕೆ ಗೋಂದು ಹಚ್ಚಿದ ಕಾಗದ ಅಂಟಿಸಿ ಕೊಡುತ್ತಿದ್ದರು. ದೊಡ್ಡಮ್ಮ ಜೀವಮಾನದಲ್ಲಿ ಯಾರದ್ದೂ ಒಂದು ತೆಂಗಿನಕಾಯಿ ಮುಟ್ಟಿದವರಲ್ಲ, ದಾರಿಯಲ್ಲಿ ಬಿದ್ದ ಮಾವಿನಹಣ್ಣು ಸಿಕ್ಕಿದರೂ ಮರದವರ ಮನೆಗೆ ಹೇಳಿ ಕಳಿಸುವವರು, ಆದರೆ ಆ ತೂತು ಮುಚ್ಚುವಾಗ ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ಮಾಡಿದ ಕೆಲಸ ನನಗೆ ಒಂಥರಾ ಮನೆಯಲ್ಲೇ ಕಲಿತ ವಿದ್ಯೆ.

ಒಂದು ಮಳೆಗಾಲದ ಮಧ್ಯಾಹ್ನ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ದಿನ, ಒಬ್ಬರು ಹಿರಿಯರು ಕೊಡೆ ಮಡಚಿ ಹೊರಗೆ ಒರಗಿಸಿ ಒಳಗೆ ಬಂದರು. ಪ್ರೈಮರಿ ಶಾಲೆಯಲ್ಲಿ ಮಾಷ್ಟ್ರಾಗಿ ರಿಟೈರ್ ಆದವರು. ಊರಿನ ಭಜನೆ, ಸತ್ಯನಾರಾಯಣ ಪೂಜೆ ಅಂದರೆ ಅವರು ಹಾಡಲೇಬೇಕು. ಅವರ ಹತ್ತಿರ ಆವಾಗ ತುಂಬಾ ಓಡುತ್ತಿದ್ದ ದೊಡ್ಡ ಸ್ಪೀಕರಿನ ಚೈನಾ ಮೊಬೈಲ್ ಸೆಟ್ ಇತ್ತು. ಮಗ ಕೊಡಿಸಿದ್ದಂತೆ.

"ಮಗಾ, ನಿನ್ನ ಕಂಪ್ಯೂಟರಿನಲ್ಲಿ ಒಂದು ಹಳೇ ಭಜನೆ ಕ್ಯಾಸೆಟಿನ ಹಾಡು ಉಂಟಾ ನೋಡು" ಅಂದರು. ಯಾರು ಹಾಡಿದ್ದು ಮಾಷ್ಟ್ರೇ ಅಂತ ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಾನೇ" ಅಂದರು.

1993ರಲ್ಲಿ ಮಂಗಳೂರಿನಲ್ಲಿ ರೆಕಾರ್ಡ್ ಆದದ್ದಂತೆ. ಎಂಟು ದಾಸರ ಪದ. ಒಂದು ಕಂಪನಿಯವರು ಒಟ್ಟಿಗೆ ಸಾವಿರದ ಐನೂರು ರೂಪಾಯಿ ಕೊಟ್ಟಿದ್ದರು, ಜೊತೆಗೆ ಹತ್ತು ಕ್ಯಾಸೆಟ್. ಆ ಹತ್ತರಲ್ಲಿ ಒಂಬತ್ತನ್ನು ನೆಂಟರಿಗೆ, ಶಿಷ್ಯರಿಗೆ ಹಂಚಿದರು. ತನಗೆ ಅಂತ ಇಟ್ಟುಕೊಂಡ ಒಂದನ್ನು ಯಾರೋ ಕೇಳಿ ಕೊಡ್ತೇನೆ ಅಂತ ತೆಗೆದುಕೊಂಡು ಹೋದವರು ವಾಪಸ್ ಕೊಡಲೇ ಇಲ್ಲ. ಕಂಪನಿ ಯಾವಾಗಲೋ ಮುಚ್ಚಿತ್ತು. ಮೊಮ್ಮಗಳಿಗೆ ಕೇಳಿಸಬೇಕು ಅಂತ ಅವರಿಗೆ ಆಸೆ.

ಭಕ್ತಿ ಫೋಲ್ಡರಿನ ಒಳಗೆ, ಇನ್ನೊಂದು ಭಕ್ತಿ ಫೋಲ್ಡರಿನ ಒಳಗೆ, "ಟ್ರ್ಯಾಕ್ 01"ರಿಂದ "ಟ್ರ್ಯಾಕ್ 08"ರವರೆಗೆ ಹೆಸರಿಲ್ಲದ ಎಂಟು ಫೈಲ್ ಇದ್ದವು. ಯಾರೋ ಪುಣ್ಯಾತ್ಮರು ಕ್ಯಾಸೆಟಿನಿಂದ ಕಂಪ್ಯೂಟರಿಗೆ ಏರಿಸಿದ್ದು, ಅದು ಹೇಗೆಹೇಗೋ ನಮ್ಮ ಡಿಸ್ಕಿಗೆ ಬಂದು ಬಿದ್ದಿತ್ತು. ಒಂದನೆಯದು ಹಾಕಿದೆ. ಮೊದಲು ಟೇಪಿನ ಸುಯ್ ಅನ್ನುವ ಶಬ್ದ, ಆಮೇಲೆ ಹಾರ್ಮೋನಿಯಂ, ಆಮೇಲೆ ಒಂದು ಗಟ್ಟಿ ಪ್ರಾಯದ ಗಂಟಲು. ಎದುರು ಕೂತವರ ಗಂಟಲಿಗೂ ಅದಕ್ಕೂ ಸಂಬಂಧ ಉಂಟು ಅಂತ ಕೂಡಲೇ ಗೊತ್ತಾಗುತ್ತಿರಲಿಲ್ಲ. ಮಾಷ್ಟ್ರು ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾ ಕೇಳಿದರು. ನಡುವೆ ಒಂದು ಕಡೆ ಬಲಗೈ ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿ, ಒಂದು ಪೆಟ್ಟು ತಪ್ಪಿದಾಗ, "ಇಲ್ಲಿ ತಬಲದವ ಓಡಿಸಿದ, ಹೇಳಿದರೆ ಕೇಳ್ಲಿಲ್ಲ" ಅಂದರು. ಹದಿನಾರು ಹದಿನೇಳು ವರ್ಷದ ಸಿಟ್ಟು!

ಎಂಟನ್ನೂ ಕಾರ್ಡಿಗೆ ಹಾಕಿ ಕೊಟ್ಟೆ. ಅವರು ಅಂಗಿ ಜೇಬಿಗೆ ಕೈ ಹಾಕಿ "ಎಷ್ಟಾಯ್ತು?" ಅಂದರು.

"ಇಪ್ಪತ್ತು ಮಾಷ್ಟ್ರೇ."

ಬಾಯಿಯಿಂದ ತನ್ನಷ್ಟಕ್ಕೇ ಬಂತು. ಅವರು ಎರಡು ಹತ್ತರ ನೋಟು ಕೊಟ್ಟು, ಕೊಡೆ ಬಿಡಿಸಿ, ಖುಷಿಯಲ್ಲೇ ಹೋದರು. ನಾನು ನೋಟನ್ನು ಡ್ರಾಯರಿಗೆ ಹಾಕಿದೆ, ಆಮೇಲೆ ಮುಂದಿನ ಕಾರ್ಡ್ ತೆಗೆದುಕೊಂಡೆ. ಏನಾಯಿತು ಅಂತ ತಲೆಗೆ ಹೋದದ್ದು ರಾತ್ರಿ ಬಸ್ಸಿನಲ್ಲಿ. ಮರುದಿನ ವಾಪಸ್ ಕೊಡಬಹುದಿತ್ತು. ಕೊಡಲಿಲ್ಲ. ನಾಚಿಕೆ ಆಗಿತ್ತು, ಅದಕ್ಕೇ ಕೊಡಲಿಲ್ಲ.

ಕೆಲವರು ಹೇಳುವುದುಂಟು, ಒಂದು ಸಲ ದುಡ್ಡು ತಗೊಂಡ ಮೇಲೆ ಮುಗೀತಲ್ಲ, ಇನ್ನು ಕೇಳಲಿಕ್ಕೆ ಎಂತ ಉಂಟು ಅಂತ. ಇದು ಹಳೆಯ ಜಗಳ. 1960ರ ದಶಕದ ಶುರುವಿನಲ್ಲಿ ಲತಾ ಮಂಗೇಶ್ಕರ್ ಅವರು ಹಾಡಿದವರಿಗೂ ರಾಯಲ್ಟಿ, ಅಂದರೆ ಹಾಡಿನ ಮಾರಾಟದಲ್ಲಿ ಒಂದು ಪಾಲು, ಬೇಕು ಅಂದರು, ಮಹಮ್ಮದ್ ರಫಿ ಅವರು ಹಾಡಿದ್ದಕ್ಕೆ ಸಂಬಳ ಕೊಟ್ಟ ಮೇಲೆ ನಮ್ಮ ಲೆಕ್ಕ ಮುಗಿಯಿತು ಅಂದರು. ಅದೇ ವಿಷಯಕ್ಕೆ ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲೇ ಇಲ್ಲ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು, ಆದರೆ ಅದರಲ್ಲಿ ಹಾಡುವವರಿಗೆ, ನುಡಿಸುವವರಿಗೆ ಅಂತ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ನಮ್ಮ ಮಾಷ್ಟ್ರು ಹಾಡಿ ಬಂದದ್ದು ಅದಕ್ಕೆ ಒಂದು ವರ್ಷ ಮೊದಲು, ನೋಡಿ. ಹಾಡು ಬರೆದವರಿಗೆ ಮತ್ತು ಸಂಗೀತ ಹಾಕಿದವರಿಗೆ ಬರಬೇಕಾದ ರಾಯಲ್ಟಿಯ ಪಾಲನ್ನು ಕಂಪನಿ ಪೂರ್ತಿಯಾಗಿ ಬರೆಸಿಕೊಳ್ಳುವ ಹಾಗಿಲ್ಲ ಅಂತ ಆದದ್ದು 2012ರಲ್ಲಿ. ಹಿಂದಿ ಸಿನಿಮಾ ಹಾಡು ಬರೆಯುವ ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿ ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು.

ಅಂದರೆ ನಾನು ಅಂಗಡಿಯಲ್ಲಿ ಕದ್ದದ್ದು ಯಾರಿಂದ? ಮಾಷ್ಟ್ರಿಗೆ ಹೇಗೂ ಆ ಸಾವಿರದ ಐನೂರರ ಮೇಲೆ ಒಂದು ಪೈಸೆ ಬರುವುದಿರಲಿಲ್ಲ. ಕಂಪನಿ ಮುಚ್ಚಿತ್ತು. ಇದನ್ನೇ ಹಿಡಿದುಕೊಂಡು ನಾನು ಬಹಳ ಸಮಯ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಆ ದಿನ ಡ್ರಾಯರಿಗೆ ಬಿದ್ದದ್ದು ಯಾವ ಕಂಪನಿಯ ದುಡ್ಡೂ ಆಗಿರಲಿಲ್ಲ ಅಲ್ವಾ.

ಇಷ್ಟೆಲ್ಲ ಆದರೂ ನಾನು ದುಡ್ಡು ಕೊಟ್ಟು ಹಾಡು ಕೊಳ್ಳಲು ಶುರು ಮಾಡಿದ್ದು ಆತ್ಮಸಾಕ್ಷಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಸುಲಭ ಆಯಿತು, ಅದಕ್ಕೆ ಕೊಂಡೆ. 2012ರಲ್ಲಿ ಫ್ಲಿಪ್‌ಕಾರ್ಟ್‌ನವರು ಫ್ಲೈಟ್ ಅಂತ ಹಾಡಿನ ಅಂಗಡಿ ತೆರೆದರು. ಹಾಡಿಗೆ 6 ರೂಪಾಯಿಯಿಂದ ಶುರು, ಕಾಪಿ ತಡೆಯುವ ಬೀಗ ಇಲ್ಲದ ಎಂಪಿ3. ಮೂರು ಹಾಡು ಕೊಂಡೆ, ಇವತ್ತಿಗೂ ನನ್ನ ಹತ್ತಿರ ಇವೆ. 2013ರ ಜೂನ್‌ನಲ್ಲಿ ಅದು ಮುಚ್ಚಿತು. ಪಕ್ಕದ ಬೀದಿಯಲ್ಲೇ ನಾನೂರು ಹಾಡು ಮೂವತ್ತು ರೂಪಾಯಿಗೆ ಸಿಗುವಾಗ ಆರು ರೂಪಾಯಿಗೆ ಒಂದು ಹಾಡು ಯಾರು ಕೊಳ್ತಾರೆ? ಆ ಬೀದಿಯಲ್ಲಿ ನಿಂತು ಮಾರಿದವನೇ ಹೇಳುತ್ತಿದ್ದೇನೆ. ಕೊನೆಗೆ ನಮ್ಮಂಥ ಅಂಗಡಿಗಳ ಹಾಡಿನ ವ್ಯಾಪಾರ ನಿಲ್ಲಿಸಿದ್ದು ಪೊಲೀಸರಲ್ಲ, ಸೆಪ್ಟೆಂಬರ್ 2016ರಲ್ಲಿ ಬಂದ ಜಿಯೋ. ಡೇಟಾ ಪುಕ್ಕಟೆ ಆದ ಮೇಲೆ ಕಾರ್ಡ್ ತುಂಬಿಸಲಿಕ್ಕೆ ಯಾರು ಬರ್ತಾರೆ?

2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದಾಗ ತಿಂಗಳಿಗೆ 119 ರೂಪಾಯಿ ಇಟ್ಟರು. ಅದೇ ಸಮಯದಲ್ಲಿ ನಾನೂ ಒಂದು ಆ್ಯಪಿಗೆ ದುಡ್ಡು ಕಟ್ಟಲು ಶುರು ಮಾಡಿದೆ. ಯಾವುದು ಅಂತ ಬೇಡ ಬಿಡಿ, ಎಲ್ಲದರ ಕಥೆ ಹೆಚ್ಚುಕಮ್ಮಿ ಒಂದೇ. ಜಾಹೀರಾತಿನ ಕಾಟ ಇಲ್ಲ, ಚಂದ ಕೇಳುತ್ತದೆ. ಒಂದೇ ಬೇಜಾರು ಅಂದರೆ ಅದು ನನ್ನನ್ನು ಮಲಯಾಳಿ ಅಂತ ತೀರ್ಮಾನ ಮಾಡಿಬಿಟ್ಟಿದೆ. ವರ್ಷಗಟ್ಟಲೆ ಕನ್ನಡ ಹಾಡು, ಯಕ್ಷಗಾನ ಪದ ಕೇಳಿದರೂ ಬೆಳಿಗ್ಗೆ ತೆರೆದ ಕೂಡಲೇ "ನಿಮಗಾಗಿ" ಅಂತ ಹೊಸ ಮಲಯಾಳ ಹಾಡಿನ ಪಟ್ಟಿ. ಮಲಯಾಳ ಹಾಡಿನ ಮೇಲೆ ನನಗೆ ಏನೂ ಸಿಟ್ಟಿಲ್ಲ, ಚಂದ ಇವೆ. ಆದರೆ 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದವರ ತೀರ್ಮಾನವನ್ನು ನನ್ನ ಫೋನೂ ಇಷ್ಟು ಶ್ರದ್ಧೆಯಿಂದ ಪಾಲಿಸಬೇಕಾ?

ನಾನು ಕಟ್ಟುವ ದುಡ್ಡು ನಾನು ಕೇಳಿದವರಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಎಲ್ಲರ ದುಡ್ಡನ್ನೂ ಒಂದೇ ಹಂಡೆಗೆ ಹಾಕುತ್ತಾರೆ. ಸ್ಪಾಟಿಫೈ ಲೆಕ್ಕದಲ್ಲಿ ಅದರ ಸುಮಾರು ಮೂರರಲ್ಲಿ ಎರಡು ಪಾಲು ಹಾಡಿನ ಹಕ್ಕು ಇದ್ದವರಿಗೆ. ಅದನ್ನು ಹಂಚುವುದು ಒಟ್ಟು ಎಷ್ಟು ಸಲ ಯಾವ ಹಾಡು ಓಡಿತು ಅಂತ ನೋಡಿ. ನಾನು ತಿಂಗಳಿಡೀ ಬರೀ ಭಾಗವತರ ಪದ ಕೇಳಿದರೂ ನನ್ನ ದುಡ್ಡಿನ ದೊಡ್ಡ ಪಾಲು, ನಾನು ಯಾವತ್ತೂ ಕೇಳದ ಯಾವುದೋ ಭರ್ಜರಿ ಹಿಟ್ ಹಾಡಿಗೆ ಹೋಗುತ್ತದೆ. 2024ರಿಂದ ಅವರ ಇನ್ನೊಂದು ನಿಯಮ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಓಡದ ಹಾಡಿಗೆ ಏನೂ ಇಲ್ಲ. ನಮ್ಮ ಕಡೆಯ ಭಜನೆ ಹಾಡುಗಳಲ್ಲಿ ಸಾವಿರ ದಾಟುವುದು ಎಷ್ಟಿರಬಹುದು, ಯೋಚನೆ ಮಾಡಿ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಕಟ್ಟುತ್ತೀ ಅಂದರೆ, ಆ ಹಂಡೆಯಿಂದ ಒಂದು ಸೌಟಾದರೂ ಹಾಡಿದವರ ಕಡೆ ಹೋಗುತ್ತದೆ. ಅಳಿಯನ ಮಾಡ್ ಆ್ಯಪಿನಲ್ಲಿ ಅದೂ ಇಲ್ಲ. ಅದಲ್ಲದೆ ಈಗ ನೇರವಾಗಿ ಕೊಡುವ ದಾರಿಯೂ ಉಂಟು. ತಾಳಮದ್ದಳೆಯ ಲೈವ್ ನೋಡುವಾಗ ಪರದೆಯ ಮೂಲೆಯಲ್ಲಿ ಕ್ಯುಆರ್ ಕೋಡ್ ಕಂಡರೆ ಐವತ್ತೋ ನೂರೋ ಹಾಕುತ್ತೇನೆ. ತಿಂಗಳಿಡೀ ಆ್ಯಪಿಗೆ ಕಟ್ಟಿದ್ದಕ್ಕಿಂತ ಆ ನೂರು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅಂದಾಜು. ಅಜ್ಜನ ಕಾಲದಲ್ಲಿ ಆಟ ನೋಡುತ್ತಾ ವೇಷಧಾರಿಯನ್ನು ಮೆಚ್ಚಿ ನೋಟು ಕೊಡುತ್ತಿದ್ದರಲ್ಲ, ಅದೇ ಪದ್ಧತಿ.

ಮಾಷ್ಟ್ರು ತೀರಿಹೋಗಿ ಕೆಲವು ವರ್ಷ ಆಯಿತು. ಅವರ ಎಂಟು ಹಾಡನ್ನು ನಾನು ಎಲ್ಲ ಆ್ಯಪಿನಲ್ಲೂ ಹುಡುಕಿದ್ದೇನೆ. ಎಲ್ಲೂ ಇಲ್ಲ. ದುಡ್ಡು ಕೊಡುತ್ತೇನೆ ಅಂದರೂ ಕೊಳ್ಳಲು ಸಿಗುವುದಿಲ್ಲ. ಅಂಗಡಿ ಬಿಡುವಾಗ ನಾನು ಎಲ್ಲ ಫೋಲ್ಡರನ್ನೂ ನನ್ನ 320 ಜಿಬಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿದ್ದೆ. ಕದ್ದ ಮಾಲಿನ ಮೇಲೆ ಕದ್ದ ಮಾಲು. ಈಗ ನನಗೆ ಗೊತ್ತಿರುವ ಮಟ್ಟಿಗೆ ಆ ಹಾಡು ಇರುವುದು ಅದರಲ್ಲಿ ಮಾತ್ರ. ಅವರ ಚೈನಾ ಸೆಟ್ ಎಂದೋ ಕೆಟ್ಟುಹೋಯಿತಂತೆ.

ಹಾಗಾದರೆ ಯೂಟ್ಯೂಬಿಗೆ ಹಾಕಿಬಿಡು ಅಂತ ಹೆಂಡತಿ ಹೇಳುತ್ತಾಳೆ. ಪದ ದಾಸರದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಧ್ವನಿಮುದ್ರಣದ ಹಕ್ಕು ಬೇರೆಯೇ. ಅದು 60 ವರ್ಷ ಇರುತ್ತದೆ, ಅಂದರೆ 1993ರ ಕ್ಯಾಸೆಟಿಗೆ 2053ರ ಕೊನೆಯವರೆಗೆ. ಕಂಪನಿ ಇಲ್ಲದಿದ್ದರೂ ಹಕ್ಕು ಎಲ್ಲೋ ಯಾರದ್ದೋ ಹೆಸರಿನಲ್ಲಿ ಮಲಗಿರುತ್ತದೆ. ಹಕ್ಕುದಾರರು ಸಿಗದಿದ್ದರೆ ಲೈಸೆನ್ಸಿಗೆ ಅರ್ಜಿ ಹಾಕಲು ಕಾಯ್ದೆಯಲ್ಲಿ 31ಎ ಅಂತ ಒಂದು ಸೆಕ್ಷನ್ ಉಂಟು. ಖುಷಿಯಾಗಿ ಓದಿದೆ. ಅರ್ಜಿ ಹಾಕುವ ಮೊದಲು, ದೇಶದ ಹೆಚ್ಚಿನ ಭಾಗದಲ್ಲಿ ಓಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಅದನ್ನು ಪ್ರಕಟಿಸಬೇಕಂತೆ. ಬದಿಯಡ್ಕದ ಕಡೆಯ ಮಾಷ್ಟ್ರೊಬ್ಬರ ಎಂಟು ಭಜನೆಗೆ ದೆಹಲಿ, ಮುಂಬೈಯಲ್ಲಿ ಓದುವ ಪೇಪರಿನಲ್ಲಿ ಇಂಗ್ಲಿಷ್ ಜಾಹೀರಾತು! ಆ ಜಾಹೀರಾತಿನ ದುಡ್ಡಿನಲ್ಲಿ ದಿನವಿಡೀ ನಡೆಯುವ ಒಂದು ಏಕಾಹ ಭಜನೆಯನ್ನೇ ಮಾಡಿಸಬಹುದು.

ಅದಕ್ಕೆ ಸದ್ಯಕ್ಕೆ ಎಲ್ಲೂ ಹಾಕಿಲ್ಲ. ಪೆನ್ ಡ್ರೈವಿನಲ್ಲಿ ಹಾಕಿ ಅವರ ಮನೆಗೆ ಕೊಡಬೇಕು ಅಂತ ತುಂಬ ಸಮಯದಿಂದ ಇದೆ, ಮೊಮ್ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳಂತೆ. ಕೊಡುವಾಗ ಆ ಇಪ್ಪತ್ತು ರೂಪಾಯಿಯ ವಿಷಯ ಹೇಳಬೇಕಾ ಬೇಡವಾ ಅಂತ ಗೊತ್ತಾಗದೆ ದಿನ ದೂಡುತ್ತಿದ್ದೇನೆ.

ಅಳಿಯನಿಗೆ ಇದನ್ನೆಲ್ಲ ಹೇಳಲಿಲ್ಲ. ಬೇಡ ಮಾರಾಯ, ನನ್ನದು ಇರಲಿ ಅಂದೆ. ಅವನು ಭುಜ ಕುಣಿಸಿ ಕೋಡುಬಳೆ ತಿನ್ನಲು ಹೋದ. ಅವನು ಹೋದ ಮೇಲೆ ನೆನಪಾಗಿ ಹಾರ್ಡ್ ಡಿಸ್ಕ್ ತೆಗೆದು ಕಂಪ್ಯೂಟರಿಗೆ ಚುಚ್ಚಿದೆ. ಮೊದಲ ಸಲ ಬರಲಿಲ್ಲ. ಎರಡನೆಯ ಸಲ ಒಳಗಿನಿಂದ ಟಿಕ್ ಟಿಕ್ ಅಂತ ಶಬ್ದ ಬಂತು, ಆಮೇಲೆ ಫೋಲ್ಡರುಗಳು ಕಂಡವು. ಟ್ರ್ಯಾಕ್ 01 ಓಡಿತು. ಟ್ರ್ಯಾಕ್ 05 ನಡುವೆ ಒಂದು ಸಲ ನಿಂತಿತು. ನಾಳೆ ಕಾಸರಗೋಡಿಗೆ ಹೋಗಿ ಹೊಸ ಡಿಸ್ಕ್ ಒಂದು ತರಬೇಕು.